ಸಹಾಯ ಬೇಕು: ಅಗಾದಿರ್ ಸಂತೆಗೆ ನಾವೇ ಹೋಗಬಹುದಾ?

ನಮ್ಮ ಕ್ರೂಸ್ ಹಡಗು ಮೊರಾಕ್ಕೊದ ಅಗಾದಿರ್‌ನಲ್ಲಿ ಬೆಳಿಗ್ಗೆ ನಿಂತು ಸಂಜೆ ಹೊರಡುತ್ತದೆ. ಹಡಗಿನ ಟೂರ್ ವಿಪರೀತ ದುಬಾರಿ. ಅದಕ್ಕೇ ಅಮ್ಮನ ಜೊತೆ ನಾವೇ ಅಲ್ಲಿನ ದೊಡ್ಡ ಸಂತೆ ಸೂಕ್ ಎಲ್ ಹದ್‌ಗೆ ಹೋಗೋಣ ಅಂತಿದ್ದೇವೆ. ಸೋಮವಾರ ಅದು ಮುಚ್ಚಿರುತ್ತದೆ. ಪುಣ್ಯಕ್ಕೆ ನಮ್ಮದು ಗುರುವಾರ.

ಹೋಗಿಬಂದವರು ಇದ್ದರೆ ಹೇಳಿ. ಬಂದರಿನಿಂದ ಆ ಕಿತ್ತಳೆ ಬಣ್ಣದ ಪುಟ್ಟ ಟ್ಯಾಕ್ಸಿಗಳು ಮೀಟರ್ ಹಾಕುತ್ತವಾ, ಇಲ್ಲ ಮೊದಲೇ ಚೌಕಾಸಿ ಮಾಡಬೇಕಾ? ಅಂಗಡಿಯವರು ಯೂರೋ ತೆಗೆದುಕೊಳ್ಳುತ್ತಾರಾ, ದಿರ್ಹಮ್ಮೇ ಬೇಕಾ?

ಅಮ್ಮನಿಗೆ ತಾಲಿಯುಯಿನ್ ಕಡೆಯ ಕೇಸರಿ ಬೇಕಂತೆ. ಸಂತೆಗಳಲ್ಲಿ ಕುಸುಬೆ ಹೂವಿನ ಎಸಳನ್ನೇ ಕೇಸರಿ ಅಂತ ಕಟ್ಟಿಬಿಡುವುದೂ ಉಂಟಲ್ವಾ, ನಂಬಿಕೆಯ ಅಂಗಡಿ ಹುಡುಕುವುದು ಹೇಗೆ? ಅರ್ಗಾನ್ ಮರದ ಬೀಜದಿಂದ ತೆಗೆಯುವ ಅರ್ಗಾನ್ ಎಣ್ಣೆಯೂ ಬೇಕು. ಹುರಿದ ಬೀಜದ್ದು ಅಡುಗೆಗೆ, ಹುರಿಯದ್ದು ಕೂದಲಿಗೆ, ನಮಗೆ ಕೂದಲಿನದ್ದು. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲಾರರು. ಯಾವ ಗೇಟಿನಿಂದ ಹೋದರೆ ಮಸಾಲೆ ಸಾಲು ಹತ್ತಿರ?