ಹಾಡಿನಲ್ಲಿ ಓಡುವ ಬಾಸ್ ನನ್ನ ಸಿಂಥ್‌ನಲ್ಲಿ ಯಾಕೆ ತೆವಳ್ತಾ ಇದೆ?

ಮೈಸೂರು ಮೋನೋ

ನಮಸ್ಕಾರ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಕಾರ್ಗ್ ಮೋನೋಲಾಗ್ ಸಿಂಥ್ ತಗೊಂಡೆ. ಅವತ್ತಿಂದ ಒಂದೇ ಹಠ: ಡಾನಾ ಸಮ್ಮರ್ ಹಾಡಿದ, 1977ರ 'ಐ ಫೀಲ್ ಲವ್'ನ ಬಾಸ್, ಅಂದ್ರೆ ಮಂದ್ರ ಸ್ವರಗಳ ಸಾಲು. ಶುರುವಾದಾಗಿನಿಂದ ಉಸಿರು ಬಿಡದೆ ಓಡ್ತಾನೇ ಇರತ್ತಲ್ಲ, ಅದು.

ಸ್ವರಗಳ ತಾಪತ್ರಯ ಇಲ್ಲ. ಎಂಟು ವರ್ಷ ವೀಣೆ ಕಲಿತ ಕಿವಿ. ಸ, ಪ, ಕೈಶಿಕಿ ನಿ ಅಂತ ಮೊದಲ ದಿನವೇ ಸಿಕ್ಕಿತು. ಸ್ವರಗಳನ್ನ ತಾನೇ ಸಾಲಾಗಿ ನುಡಿಸೋ ಸೀಕ್ವೆನ್ಸರ್‌ನ 16 ಸ್ಟೆಪ್ಪೂ ತುಂಬಿದ್ದೀನಿ, ಪ್ರತಿ ಸ್ವರ ಎರಡೆರಡು ಸಲ. ಸದ್ದು ಹುಟ್ಟಿಸೋ ಎರಡೂ ಆಸಿಲೇಟರ್ ಸಾಟೂತ್ ಅಲೆ, ಅದರಲ್ಲಿ ಒಂದನ್ನ ಒಂದು ಆಕ್ಟೇವ್ ಕೆಳಗೆ ಇಟ್ಟಿದ್ದೀನಿ. ಸದ್ದನ್ನ ಒರಟಾಗಿಸೋ ಡ್ರೈವ್ ಮುಕ್ಕಾಲು. ದಪ್ಪಗೇನೋ ಬಂತು. ಆದರೆ ಹಾಡಿನದು ಜಿಂಕೆ, ನನ್ನದು ಕೆಸರಲ್ಲಿ ಕೂತ ಎಮ್ಮೆ. ಫಿಲ್ಟರ್ ಮುಚ್ಚಿದರೆ ಮಂಕು, ತೆರೆದರೆ ಜೇನುಗೂಡು. ಎಲ್ಲಿ ತಪ್ಪಿದೆ?

ಜಯನಗರದವ

ಗುರು, ಆ ಹಾಡಲ್ಲಿರೋ ಮೂಗ್ ಸಿಂಥ್‌ನ ಫಿಲ್ಟರ್ ಮೇಲಿನ ಸದ್ದನ್ನ ಆಕ್ಟೇವ್‌ಗೆ 24 ಡೆಸಿಬಲ್ ಕಟ್ ಮಾಡತ್ತೆ, ನಿಮ್ಮದು 12. ಅಷ್ಟೇ ಕಥೆ. ಸುಮ್ನೆ ಲ್ಯಾಪ್‌ಟಾಪಲ್ಲಿ ಒಂದು ಸಾಫ್ಟ್‌ವೇರ್ ಮೂಗ್ ಹಾಕ್ಕೊಳಿ, ಹತ್ತು ನಿಮಿಷದ ಕೆಲಸ.

ಹುಬ್ಬಳ್ಳಿ ಕೀಬೋರ್ಡ್

ಮೊದಲ ಒಂದ ಮಾತು. ಅದು ಮೂಗ್ ಅಲ್ಲರಿ, ಮೋಗ್. ಅದನ್ನ ಮಾಡಿದ ರಾಬರ್ಟ್ ಮೋಗ್ ತನ್ನ ಹೆಸರು ತಾನ ಹಂಗ ಹೇಳತಿದ್ದ. ನಾವು ಕನ್ನಡದವ್ರು ಮೂಗು ಸಿಕ್ಕರ ಬಿಡೂದಿಲ್ಲ, ಏನ್ ಮಾಡೂದು.

24, 12 ಲೆಕ್ಕ ಸುಳ್ಳಲ್ಲ. ಆದ್ರ ಮೈಸೂರವ್ರ, ನಿಮ್ಮ ಎಮ್ಮಿ ಏಳದಿರೂದಕ್ಕ ಅದು ಕಾರಣ ಅಲ್ಲ. ಆ ಹಾಡಿನ್ಯಾಗ ನೀವು ಕೇಳೂ ಬಾಸಿನಾಗ ಅರ್ಧ ಸ್ವರ ಯಾರೂ ಬಾರಿಸೇ ಇಲ್ಲ! ಸೀಕ್ವೆನ್ಸರ್ ಒಂದು ಬೀಟಿಗೆ ಎರಡ ಬಾರಿಸತೈತಿ. ಸಂದಿನ್ಯಾಗ ಬರೂವು ಡಿಲೇದಿಂದ, ಅಂದ್ರ ಅದ ಸ್ವರ ತುಸು ತಡಾ ಮಾಡಿ ತಿರುಗಿ ಕೇಳಸೂ ಎಫೆಕ್ಟಿಂದ ಬಂದಾವ. ಬಾರಿಸಿದ್ದು ಒಂದು ಕಿವಿಗೆ, ಡಿಲೇ ಇನ್ನೊಂದಕ್ಕ. ಇಯರ್‌ಫೋನಿಂದು ಒಂದು ಬದಿ ತಗದು ಕೇಳ್ರಿ, ಓಟ ಅಲ್ಲೇ ಅರ್ಧ ಆಗತೈತಿ.

ನನಗ ಇದು ತಿಳದದ್ದು ಓದಿ ಅಲ್ಲ. ಇಪ್ಪತ್ತು ವರ್ಷ ಆರ್ಕೆಸ್ಟ್ರಾದಾಗ ಬಾರಿಸೀನಿ. ಎಡಗೈ ಬಾಸ್, ಬಲಗೈ ಉಳದದ್ದೆಲ್ಲ. ಒಂದು ಗಣಪತಿ ಹಬ್ಬದಾಗ ಮೈಕ್ ಸೆಟ್ಟಿನವ ಒಂದು ಸ್ಪೀಕರ್ ಸ್ಟೇಜಿನ ಬಾಜೂಕ, ಇನ್ನೊಂದು ಮೈದಾನದ ಆ ಕಡೀ ಗ್ವಾಡಿಗೆ ಇಟ್ಟಿದ್ದ, ನಮ್ಮ ಕಡೀ ಮಾರಿ ಮಾಡಿ. ನಾ ಒಂದು ಒತ್ತಿದ್ರ ಎರಡ ಕೇಳತಿತ್ತು. ತಬಲಾದವ ಬೈಯಾಕ ಹತ್ತಿದ. ನಾ ಮಾತ್ರ ಲಯ ಸ್ವಲ್ಪ ಸ್ವಲ್ಪ ಏರಿಸಿದೆ ನೋಡ್ರಿ, ಒಂದು ಹಂತಕ್ಕ ಆ ತಿರುಗಿ ಬಂದ ಸ್ವರ ನನ್ನ ಎರಡು ಸ್ವರದ ನಟ್ಟನಡುವ ಬಂದು ಕುಂತು. ಇಡೀ ಪೆಂಡಾಲ್ ಓಡಿದಂಗ ಆತು. ನಲವತ್ತು ಮೀಟರ್ ಇದ್ದೀತು ಆ ಗ್ವಾಡಿ. ಶಬ್ದ ಸೆಕೆಂಡಿಗೆ 343 ಮೀಟರ್ ಹೋದ್ರ, 117 ಮಿಲಿಸೆಕೆಂಡ್. ಈಗ ನಿಮ್ಮ ಹಾಡು ಬಿಪಿಎಂ 127, ಅಂದ್ರ ನಿಮಿಷಕ್ಕ 127 ಬೀಟು ಅಂತ ಹಿಡೀರಿ. ಒಂದು ಬೀಟು 472 ಮಿಲಿಸೆಕೆಂಡ್, ಅದರ ಕಾಲುಭಾಗ 118. ಗ್ವಾಡಿ ಲೆಕ್ಕಕ್ಕ ಒಂದ ಮಿಲಿಸೆಕೆಂಡ್ ಫರಕ್!

ಸ್ಟೆಪ್ ರೆಸಲ್ಯೂಷನ್ 1/8ಕ್ಕ, ಅಂದ್ರ ಬೀಟಿಗೆ ಎರಡಕ್ಕ ತರ್ರಿ, ಎರಡೆರಡು ತುಂಬಿದ್ದು ತಗೀರಿ. ಸ್ವರದ ಏರಿಳಿತ ನೋಡೂ ಎನ್ವಲಪ್ ಎ/ಡಿ ಮಾಡ್ರಿ, ಅಟ್ಯಾಕ್ (ಏರೂ ಹೊತ್ತು) ಸೊನ್ನಿ, ಡಿಕೇ (ಇಳಿಯೂ ಹೊತ್ತು) ಗಿಡ್ಡ. ಸ್ವರ ಲಗೂನ ಸಾಯಬೇಕು, ಇಲ್ಲಾಂದ್ರ ಡಿಲೇಕ್ಕ ಕುಂದ್ರಾಕ ಜಾಗಾ ಎಲ್ಲೈತಿ? ಡ್ರೈವ್ ಬ್ಯಾಡ, ಕೆಳಗಿನ ಆಕ್ಟೇವೂ ಬ್ಯಾಡ. ಫಿಲ್ಟರಿನ ಕಟಾಫ್ ಅರ್ಧಕ್ಕಿಂತ ಕೆಳಗ, ಎನ್ವಲಪ್ ಅದನ್ನ ಎಷ್ಟು ತೆರೀಬೇಕು ಅಂತ ಹೇಳೂ ಇಜಿ ಇಂಟ್ ತುಸು ಬಲಕ್ಕ. ಪ್ರತಿ ಸ್ವರದ ಮೂತಿ ಒಂಚೂರು ಚೂಪಾದ್ರ ಸಾಕು. ನಿಮ್ಮ ಸಿಂಥಿನ ಔಟ್‌ಪುಟ್ ಮೋನೋ, ಎಡ ಬಲ ಬ್ಯಾರೆ ಇಲ್ಲ, ಹಂಗಾಗಿ ಡಿಲೇ ಕಂಪ್ಯೂಟರಿನ್ಯಾಗ ಹಾಕ್ರಿ. ಫೀಡ್‌ಬ್ಯಾಕ್ ಸೊನ್ನಿ, ಒಂದ ಸಲ ತಿರುಗಿ ಬಂದ್ರ ಸಾಕು.

ಈಸರ್ ದಂಡೆಯಿಂದ

ಕಾಕಾ, ಆ ಗೋಡೆಗೆ ಒಂದು ನಮಸ್ಕಾರ.

ನಾನಿರೋದು ಮ್ಯೂನಿಕ್‌ನಲ್ಲಿ. ಈ ಹಾಡು ಹುಟ್ಟಿದ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೋ ಇಲ್ಲಿನ ಅರಬೆಲ್ಲಾಹೌಸ್ ಅನ್ನೋ ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ನಾನು ದಿನಾ ಯು4 ಮೆಟ್ರೋ ಹತ್ತಿ ಅರಬೆಲ್ಲಾಪಾರ್ಕ್‌ನಲ್ಲಿ ಇಳೀತೀನಿ. ಕೊನೆಗೆ ಅದೇ ಮೆಟ್ರೋದ ಗುಡುಗುಡು ಕೆಳಗಿಂದ ಕೇಳಿಸೋಕೆ ಶುರುವಾಗಿ ಸ್ಟುಡಿಯೋಗೆ ಕಷ್ಟವಾಯಿತಂತೆ. ಬಾಸಿಗೆ ಹೆಸರಾದ ಜಾಗಕ್ಕೆ ಬಾಸಿನಿಂದಲೇ ಕಾಟ.

ಒಂದು ಮಾತು ಸೇರಿಸ್ತೀನಿ. ಹಾಡಿನ ನಿರ್ಮಾಪಕರಲ್ಲೊಬ್ಬರಾದ ಜಾರ್ಜಿಯೋ ಮೊರೋಡರ್ ಬಳಸಿದ್ದು ಪುಟ್ಟ ಮಿನಿಮೋಗ್ ಅಲ್ಲ, ಬೀರು ಗಾತ್ರದ ಮಾಡ್ಯುಲರ್ ಮೋಗ್. ಅದನ್ನು ಪಳಗಿಸಿದವರು ರಾಬಿ ವೇಡೆಲ್ ಅನ್ನೋ ಎಂಜಿನಿಯರ್. ಟೇಪಿನ ಒಂದು ಟ್ರ್ಯಾಕಿನಲ್ಲಿ ತಾಳದ ಗುರುತು ಇಟ್ಟು, ಆಮೇಲೆ ನುಡಿಸಿದ್ದೆಲ್ಲ ಅದಕ್ಕೇ ಕಚ್ಚಿಕೊಳ್ಳೋ ಹಾಗೆ ಮಾಡಿದ್ದು ಅವರೇ. ಶ್ರುತಿ ಮಾತ್ರ ನಿಲ್ತಿರಲಿಲ್ಲ. ಸ್ವಲ್ಪ ರೆಕಾರ್ಡ್ ಮಾಡೋದು, ನಿಲ್ಲಿಸೋದು, ಶ್ರುತಿ ಸೇರಿಸೋದು, ಮತ್ತೆ ಶುರು. ಕಿಕ್ ಡ್ರಮ್ ಕೂಡ ಯಂತ್ರದ್ದಲ್ಲ, ಕೀತ್ ಫೋರ್ಸಿ ನುಡಿಸಿದ್ದು. ಹಾಗಾಗಿ ಎರಡನೇ ಆಸಿಲೇಟರನ್ನ ಶ್ರುತಿಯಿಂದ ಕೂದಲೆಳೆಯಷ್ಟು ಸರಿಸಿಡಿ. ವೀಣೆಯವರಿಗೆ ಇದು ಹಿಂಸೆ ಅಂತ ಗೊತ್ತು.

ಮೈಸೂರು ಮೋನೋ

ಬಂತು! ನಿನ್ನೆ ರಾತ್ರಿ ಹನ್ನೊಂದೂವರೆಗೆ.

ಕಾಕಾ ಹೇಳಿದ ಹಾಗೆ ಎಲ್ಲ ತೆಗೆದ ಮೇಲೆ ಉಳಿದ ಸದ್ದು ಎಷ್ಟು ಬಡಕಲಾಗಿತ್ತು ಅಂದರೆ, ಡಿಕೇ ಗಿಡ್ಡ ಮಾಡೋಕೆ ಕೈಯೇ ಬರ್ಲಿಲ್ಲ. ಡ್ರೈವ್ ಎರಡು ಸಲ ಕದ್ದು ಏರಿಸಿದೆ, ಎರಡು ಸಲ ಇಳಿಸಿದೆ. ಆಮೇಲೆ ಬಲಗಡೆ 118 ಮಿಲಿಸೆಕೆಂಡ್ ಡಿಲೇ ಹಾಕಿದ ತಕ್ಷಣ ಎಮ್ಮೆ ಎದ್ದು ಓಡಿತು. 130ಕ್ಕೆ ತಳ್ಳಿ ನೋಡಿದೆ, ಕುಂಟತ್ತೆ. ಆಸಿಲೇಟರ್ ಸರಿಸೋದು ನಿಜವಾಗ್ಲೂ ಹಿಂಸೆ, ಬೆರಳು ತಾನಾಗೇ ಶ್ರುತಿ ಸೇರಿಸೋಕೆ ಹೋಗತ್ತೆ.

ಖುಷಿಗೆ ಅಣ್ಣನಿಗೆ ಕಳಿಸಿದೆ. "ಅಮ್ಮನ ಹೊಲಿಗೆ ಮಿಷನ್ ರೆಕಾರ್ಡ್ ಮಾಡಿದ್ಯಾ?" ಅಂದ. ಅವನ ಫೋನಿಗೆ ಒಂದೇ ಸ್ಪೀಕರ್, ಎಡ ಬಲ ಎಲ್ಲ ಒಂದೇ ಗುಡ್ಡೆ. ಬಲಗಡೆದು ಸ್ವಲ್ಪ ತಗ್ಗಿಸಿ, ಮಂಕು ಮಾಡಿ ಮತ್ತೆ ಕಳಿಸ್ತೀನಿ. ಈ ಸಲ ಇಯರ್‌ಫೋನ್ ಹಾಕ್ಕೊಂಡು ಕೇಳು ಅಂತ ಹೇಳಿದ್ದೀನಿ.