ಟೆಲಿಕಾಂ ಉದ್ಯಮದ ಅಧ್ಯಯನಕ್ಕೆ ಉಚಿತ ಆನ್‌ಲೈನ್ ಮೂಲಗಳು: ಬಳಸಿದವರು ಹೇಳಿ

ಹೊಸ_ಓದುಗ:
ಮೂರು ದೇಶಗಳ ಮೊಬೈಲ್ ಕಂಪನಿಗಳನ್ನು ಹೋಲಿಸಿ ವರದಿ ಬರೆಯಬೇಕಿದೆ: ಚಂದಾದಾರರು, ಆದಾಯ, ವೇಗ, 5ಜಿ ವ್ಯಾಪ್ತಿ. ಆರು ವಾರ ಸಮಯವಿದೆ. ದುಡ್ಡು ಕೊಟ್ಟು ಕೊಳ್ಳುವ ಡೇಟಾಬೇಸ್ ಬೇಡ. ಎಲ್ಲಿಂದ ಶುರು ಮಾಡಲಿ? ಎಲ್ಲೆಲ್ಲಿ ಎಡವುತ್ತಾರೆ ಅನ್ನೋದನ್ನೂ ಹೇಳಿದರೆ ಉಪಕಾರ.

ಆಡಿಟ್_ಕಣ್ಣು:
ಕಂಪನಿ ಫೈಲಿಂಗ್ ಓದದೆ ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಅಮೆರಿಕದ ಷೇರುಪೇಟೆಯಲ್ಲಿ ಪಟ್ಟಿಯಾಗಿದ್ದರೆ ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಕಡತತಾಣ ಎಡ್ಗರ್‌ನಲ್ಲಿ ಸಿಗುತ್ತೆ: ವಾರ್ಷಿಕ ವರದಿಯ ಹೆಸರು ಅಲ್ಲಿಯ ಕಂಪನಿಗೆ 10-ಕೆ, ಹೊರಗಿನವಕ್ಕೆ ಸಾಮಾನ್ಯವಾಗಿ 20-ಎಫ್. ಪೂರ್ಣಪಠ್ಯ ಹುಡುಕಾಟ 2001ರಿಂದ ಈಚಿನದಕ್ಕೆ ಇದೆ. ಸ್ಕ್ರಿಪ್ಟ್ ಬರೆದು ಇಳಿಸಿಕೊಳ್ಳುವವರು ಸೆಕೆಂಡಿಗೆ 10 ವಿನಂತಿ ದಾಟಬಾರದು, ಯೂಸರ್ ಏಜೆಂಟ್‌ನಲ್ಲಿ (ವಿನಂತಿಯ ಜೊತೆ ಹೋಗುವ ಗುರುತಿನ ಸಾಲಿನಲ್ಲಿ) ನೀವು ಯಾರೆಂದು ಬರೆದಿರಬೇಕು. ಇಲ್ಲದಿದ್ದರೆ ತಡೆ ಬೀಳುತ್ತೆ.

ಎಲ್ಲರೂ ಮುಗ್ಗರಿಸುವ ಜಾಗ 2019. ಆ ಜನವರಿಯಿಂದ ಐಎಫ್‌ಆರ್‌ಎಸ್ 16 (ಅಂತರರಾಷ್ಟ್ರೀಯ ಲೆಕ್ಕಪದ್ಧತಿಯ ಬಾಡಿಗೆ-ಗುತ್ತಿಗೆ ನಿಯಮ) ಜಾರಿಗೆ ಬಂತು. ಅದಕ್ಕೂ ಮುಂಚೆ ಟವರ್ ಬಾಡಿಗೆ ನಿರ್ವಹಣಾ ವೆಚ್ಚದಲ್ಲಿ ಕೂರುತ್ತಿತ್ತು. ಆಮೇಲೆ ಸವಕಳಿ ಮತ್ತು ಬಡ್ಡಿಯಾಗಿ ಕೆಳಗಿನ ಸಾಲುಗಳಿಗೆ ಇಳಿಯಿತು. ಒಂದು ಕಾಸಿನ ವ್ಯಾಪಾರ ಹೆಚ್ಚದೆ ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ) ಮೇಲೇರಿತು. ಅಮೆರಿಕದ ಲೆಕ್ಕಪದ್ಧತಿಯಲ್ಲಿ ಆಪರೇಟಿಂಗ್ ಲೀಸ್ ಬಾಡಿಗೆ ಈಗಲೂ ವೆಚ್ಚದಲ್ಲೇ ಇದೆ. ಹಾಗಾಗಿ 10-ಕೆಯ ಮಾರ್ಜಿನ್ ಪಕ್ಕ ಐಎಫ್‌ಆರ್‌ಎಸ್‌ನ 20-ಎಫ್ ಮಾರ್ಜಿನ್ ಇಟ್ಟ ಕೋಷ್ಟಕ ಸುಳ್ಳು ಹೇಳುತ್ತೆ. ಯೂರೋಪಿನ ಕೆಲವು ಕಂಪನಿಗಳು ಬಾಡಿಗೆ ಕಳೆದ ಎಬಿಟ್ಡಾ ಕೂಡ ಕೊಡುತ್ತವೆ, ಅದನ್ನೇ ಹಿಡಿಯಿರಿ. 2018ಕ್ಕೂ ಗೆರೆ ಎಳೆಯಿರಿ: ಆದಾಯ ಲೆಕ್ಕದ ನಿಯಮ ಐಎಫ್‌ಆರ್‌ಎಸ್ 15 ಬಂದಾಗ ಹ್ಯಾಂಡ್‌ಸೆಟ್ ಜೊತೆಗಿನ ಒಪ್ಪಂದಗಳಲ್ಲಿ ಆದಾಯದ ಒಂದು ಪಾಲು ಸೇವೆಯಿಂದ ಹ್ಯಾಂಡ್‌ಸೆಟ್ ಕಡೆಗೆ ಸರಿಯಿತು, ಒಬ್ಬ ಚಂದಾದಾರನಿಂದ ಬರುವ ಆದಾಯ ಕುಸಿದಂತೆ ಕಾಣುತ್ತೆ.

ಎಣಿಕೆಗಾರ:
ಆಡಿಟ್_ಕಣ್ಣು ಅವರೇ, ಆದಾಯಕ್ಕೆ ಸರಿ. ಚಂದಾದಾರರ ಸಂಖ್ಯೆಗೆ ಕಂಪನಿಯ ಮಾತನ್ನೇ ನಂಬಿ ಅಂತ ಹೇಗೆ ಹೇಳ್ತೀರಿ? ಪ್ರೀಪೇಯ್ಡ್ ಸಿಮ್ ಎಷ್ಟು ದಿನ ಸುಮ್ಮನಿದ್ದರೆ ಸತ್ತಂತೆ ಅನ್ನೋದನ್ನ ಕಂಪನಿಗೊಂದು ರೀತಿ ಎಣಿಸುತ್ತಾರೆ. ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯುನ ಡೇಟಾಹಬ್‌ಗೆ ಹೋಗಿ. ಅಲ್ಲಿ ನಿಯಮ ಒಂದೇ: ಕಳೆದ ಮೂರು ತಿಂಗಳಲ್ಲಿ ಬಳಕೆಯಾದ ಪ್ರೀಪೇಯ್ಡ್ ಖಾತೆ ಮಾತ್ರ ಲೆಕ್ಕಕ್ಕೆ. ಅಂಕಿ ನೋಡುವ ಮೊದಲು ಅಡಿಟಿಪ್ಪಣಿ ಓದಿ. ಒಂದು ವರ್ಷ ಸರಣಿ ದಿಢೀರ್ ಬಿದ್ದರೆ ಜನ ಫೋನ್ ಬಿಟ್ಟರು ಅಂತಲ್ಲ, ನಿಷ್ಕ್ರಿಯ ಸಿಮ್‌ಗಳನ್ನು ಗುಡಿಸಿ ಹಾಕಿರಬಹುದು.

ಇನ್ನೊಂದು, ಸಂಪರ್ಕ ಬೇರೆ, ಮನುಷ್ಯ ಬೇರೆ. ಎರಡು ಸಿಮ್ ಇಟ್ಟುಕೊಂಡವರು ಎರಡು ಸಂಪರ್ಕ. 100 ಜನಕ್ಕೆ 130 ಅಂತ ಬಂದರೆ ಎಲ್ಲರ ಕೈಯಲ್ಲೂ ಫೋನ್ ಇದೆ ಅಂತ ಬರೆಯಬೇಡಿ. ಮೊಬೈಲ್ ಕಂಪನಿಗಳ ಒಕ್ಕೂಟ ಜಿಎಸ್‌ಎಂಎ ‘ವಿಶಿಷ್ಟ ಚಂದಾದಾರ’ ಅಂತ ಬೇರೆ ಅಂಕಿ ಕೊಡೋದು ಇದಕ್ಕೇ.

ಆಡಿಟ್_ಕಣ್ಣು:
ಐಟಿಯುಗೆ ಅಂಕಿ ಕೊಡೋದು ದೇಶಗಳು, ದೇಶಗಳಿಗೆ ಕೊಡೋದು ಕಂಪನಿಗಳೇ. ಮೂರನೇ ಕೈಗೆ ಬಂದ ನೀರನ್ನ ಊಟೆ ಅಂತ ಕರೀಬೇಡಿ. 20-ಎಫ್‌ನಲ್ಲಿ ಚಂದಾದಾರ ಅಂದರೆ ಯಾರು ಅನ್ನೋ ವಿವರಣೆ ಇರುತ್ತೆ, ಓದುವ ತಾಳ್ಮೆ ಬೇಕು ಅಷ್ಟೆ.

ಟೈಲ್_16:
ವೇಗಕ್ಕೆ ಸ್ಪೀಡ್‌ಟೆಸ್ಟ್ ನಡೆಸುವ ಊಕ್ಲಾ ಕಂಪನಿಯ ಮುಕ್ತ ದತ್ತಾಂಶ. 2019ರ ಮೊದಲ ತ್ರೈಮಾಸಿಕದಿಂದ ಇದೆ, ಮೊಬೈಲ್ ಮತ್ತು ಸ್ಥಿರ ಸಂಪರ್ಕ ಬೇರೆ ಬೇರೆ ಕಡತ. ಶೇಪ್‌ಫೈಲ್ (ನಕ್ಷೆ ಕಡತ) ಇಳಿಸಬೇಡಿ, ಪಾರ್ಕೆ (ಒತ್ತಿಟ್ಟ ಕೋಷ್ಟಕ ಕಡತ) ಇಳಿಸಿ ಡಕ್‌ಡಿಬಿ ಅನ್ನೋ ಡೇಟಾಬೇಸ್ ತಂತ್ರಾಂಶದಲ್ಲಿ ತೆರೆಯಿರಿ. ವೇಗದ ಸರಾಸರಿ ಇರೋದು ಜೂಮ್ 16ರ (ಆನ್‌ಲೈನ್ ನಕ್ಷೆ ಹಿಗ್ಗಿಸುವ 16ನೇ ಮಟ್ಟದ) ಚೌಕಗಳಿಗೆ, ಭೂಮಧ್ಯರೇಖೆಯಲ್ಲಿ ಒಂದು ಬದಿ ಸುಮಾರು 610 ಮೀಟರ್, ಧ್ರುವದತ್ತ ಹೋದಂತೆ ಚಿಕ್ಕದಾಗುತ್ತೆ. ವೇಗ ಕೆಬಿಪಿಎಸ್‌ನಲ್ಲಿದೆ, 1000ದಿಂದ ಭಾಗಿಸಿ.

ಚೌಕಗಳ ಸರಾಸರಿಗೆ ಮತ್ತೆ ಸರಾಸರಿ ತೆಗೆದರೆ ಕೆಟ್ಟಿತು. ಒಂದು ಚೌಕದಲ್ಲಿ 3 ಪರೀಕ್ಷೆ, 200 ಎಂಬಿಪಿಎಸ್. ಪಕ್ಕದಲ್ಲಿ 97 ಪರೀಕ್ಷೆ, 20 ಎಂಬಿಪಿಎಸ್. ನೇರ ಸರಾಸರಿ 110. ಪರೀಕ್ಷೆಗಳ ಸಂಖ್ಯೆಯಿಂದ ತೂಗಿದರೆ 25.4. ವರದಿಯ ತೀರ್ಮಾನವೇ ತಿರುಗಿ ಬೀಳುತ್ತೆ.

ಎಣಿಕೆಗಾರ:
ಅದರಲ್ಲಿ ಆಪರೇಟರ್ ಹೆಸರೇ ಇಲ್ಲ ಅನ್ನೋದನ್ನ ಯಾಕೆ ಹೇಳಲಿಲ್ಲ? ಕೇಳಿದವರಿಗೆ ಬೇಕಾಗಿರೋದು ಕಂಪನಿ ಕಂಪನಿಗಳ ಹೋಲಿಕೆ. ಜೊತೆಗೆ ಪರೀಕ್ಷೆ ಒತ್ತುವವರು ಯಾರು? ನೆಟ್ ನಿಧಾನ ಅಂತ ಬೇಸತ್ತವರು, ಹೊಸ ಫೋನ್ ಕೊಂಡವರು. ಮೆಷರ್‌ಮೆಂಟ್ ಲ್ಯಾಬ್ (ಎಂ-ಲ್ಯಾಬ್) ಅನ್ನೋ ಮುಕ್ತ ವೇಗಮಾಪನ ಯೋಜನೆ ನೋಡಿ: ಪ್ರತಿ ಪರೀಕ್ಷೆಯ ಕಚ್ಚಾ ಸಾಲು ಗೂಗಲ್‌ನ ಡೇಟಾ ಸೇವೆ ಬಿಗ್‌ಕ್ವೆರಿಯಲ್ಲಿ ಸಿಗುತ್ತೆ, ಎಎಸ್ ಸಂಖ್ಯೆಯಿಂದ (ಜಾಲದ ಗುರುತು ಸಂಖ್ಯೆಯಿಂದ) ಜಾಲ ಗುರುತಿಸಬಹುದು.

ಟೈಲ್_16:
ಎಂ-ಲ್ಯಾಬ್ ಪರೀಕ್ಷೆ ಒತ್ತುವವರು ಮಾತ್ರ ಆಕಾಶದಿಂದ ಇಳಿದವರಾ? ಅದೂ ಸ್ವಯಂ ಆಯ್ಕೆಯೇ. ಅದರ ವೇಗಪರೀಕ್ಷೆ ಎನ್‌ಡಿಟಿ ಒಂದೇ ಟಿಸಿಪಿ ಹರಿವಿನಲ್ಲಿ (ಒಂದೇ ಡೇಟಾ ಸಂಪರ್ಕದಲ್ಲಿ) ಅಳೆಯುತ್ತೆ, ಊಕ್ಲಾ ಹಲವು ಹರಿವು ಒಟ್ಟಿಗೆ ಬಳಸುತ್ತೆ. ಒಂದೇ ಲೈನಿಗೆ ಎರಡು ಉತ್ತರ ಬರೋದು ಸಹಜ, ಎರಡನ್ನೂ ಒಂದೇ ಗ್ರಾಫಿನಲ್ಲಿ ಇಡುವಂತಿಲ್ಲ. ಬಿಗ್‌ಕ್ವೆರಿಯಲ್ಲಿ ದಿನಾಂಕದ ಷರತ್ತು ಹಾಕದೆ ಓಡಿಸಿದರೆ ಇಡೀ ಕೋಷ್ಟಕ ಸ್ಕ್ಯಾನ್ ಆಗುತ್ತೆ, ಅದನ್ನೂ ನೀವು ಹೇಳಲಿಲ್ಲ.

ಗೋಪುರ_ಹುಡುಕಿ:
ಇವರ ಜಗಳ ಮುಗಿಯಲ್ಲ. ಯಾವ ಕಂಪನಿಯ ಸೆಲ್ (ಟವರಿನ ಒಂದು ಆಂಟೆನಾ ವ್ಯಾಪಿಸುವ ಪ್ರದೇಶ) ಎಲ್ಲಿದೆ ತಿಳಿಯೋಕೆ ಓಪನ್‌ಸೆಲ್‌ಐಡಿ ಅನ್ನೋ ಮುಕ್ತ ಪಟ್ಟಿ. ಟೋಕನ್ (ಬಳಕೆದಾರರಿಗೆ ಕೊಡುವ ಕೀ) ಪಡೆದು ದೇಶದ ಎಂಸಿಸಿ (ದೇಶದ ಸಂಕೇತ) ಕಡತ ಇಳಿಸಿ. ಎಂಸಿಸಿ, ಎಂಎನ್‌ಸಿ (ಜಾಲದ ಸಂಕೇತ) ಸೇರಿದರೆ ಆಪರೇಟರ್ ಗೊತ್ತಾಗುತ್ತೆ. ಅದರಲ್ಲಿರೋ ಅಕ್ಷಾಂಶ ರೇಖಾಂಶ ಟವರಿನದ್ದಲ್ಲ, ಫೋನುಗಳು ಸಿಗ್ನಲ್ ಕೇಳಿದ ಜಾಗಗಳಿಂದ ತೆಗೆದ ಅಂದಾಜು. ಹೆದ್ದಾರಿ ಪಕ್ಕದ ಟವರ್‌ಗಳೆಲ್ಲ ರಸ್ತೆ ಮೇಲೇ ನಿಂತಂತೆ ಕಾಣೋದು ಅದಕ್ಕೇ. ಸ್ಯಾಂಪಲ್ಸ್ ಕಾಲಂನಲ್ಲಿ 1 ಇರುವ ಸಾಲುಗಳನ್ನು ಮೊದಲು ಕಿತ್ತುಹಾಕಿ. ಅಪ್‌ಡೇಟೆಡ್ ಕಾಲಂ ನೋಡಿ ಹಳೆಯವನ್ನೂ ತೆಗೆಯಿರಿ. ಮೊಜಿಲ್ಲಾದ ಇಂಥದೇ ಸೇವೆ 2024ರಲ್ಲಿ ಮುಚ್ಚಿತು, ಹಳೆಯ ಲೇಖನ ನೋಡಿ ಅದನ್ನು ಹುಡುಕುತ್ತಾ ಕೂರಬೇಡಿ.

ಸೈಟ್ (ಟವರ್ ಇರುವ ಜಾಗ) ಎಣಿಸೋಕೆ ಸೆಲ್ ಸಂಖ್ಯೆಯನ್ನ 256ರಿಂದ ಭಾಗಿಸಿ: ಭಾಗಲಬ್ಧ ಸೈಟ್, ಶೇಷ ಸೆಲ್. 25,60,003 ಇದ್ದರೆ ಸೈಟ್ 10,000, ಸೆಲ್ 3.

ಸ್ಪೆಕ್_38:
ಆ ಕೊನೆಯ ಸಾಲು ಎಲ್‌ಟಿಇಗೆ (4ಜಿಗೆ) ಮಾತ್ರ, ಅದನ್ನ ಬರೆಯದೆ ಬಿಟ್ಟರೆ ಹೇಗೆ ಸ್ವಾಮಿ? ಎಲ್‌ಟಿಇಯಲ್ಲಿ ಸೆಲ್ ಸಂಖ್ಯೆ ಒಟ್ಟು 28 ಬಿಟ್, ಸಾಮಾನ್ಯವಾಗಿ 20 ಸೈಟಿಗೆ, 8 ಸೆಲ್ಲಿಗೆ, 256 ಬಂದದ್ದು ಆ 8 ಬಿಟ್‌ನಿಂದ. 5ಜಿಯಲ್ಲಿ ಒಟ್ಟು 36, ಸೈಟಿನ ಪಾಲು 22ರಿಂದ 32 ಬಿಟ್‌ವರೆಗೆ ಎಷ್ಟಾದರೂ ಇರಬಹುದು. ಎಷ್ಟು ಅಂತ ಆಪರೇಟರ್ ತೀರ್ಮಾನಿಸುತ್ತಾನೆ. ಅಲ್ಲಿ 256 ಹಿಡಿದರೆ ಒಂದು ಸೈಟ್ ಹತ್ತಾಗಬಹುದು, ಹತ್ತು ಸೈಟ್ ಒಂದಾಗಬಹುದು.

ಇಂಥದ್ದಕ್ಕೇ ಮೂಲ ಸ್ಪೆಕ್ (ತಾಂತ್ರಿಕ ಮಾನದಂಡದ ದಾಖಲೆ) ಓದಿ ಅನ್ನೋದು. ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿಯ ಎಫ್‌ಟಿಪಿ ಕಡತಕೋಶ ಪೂರ್ತಿ ಉಚಿತ. 36 ಸರಣಿ ಎಲ್‌ಟಿಇ, 38 ಸರಣಿ 5ಜಿ ರೇಡಿಯೊ, 23.501 5ಜಿ ವ್ಯವಸ್ಥೆಯ ರಚನೆ. ಜಿಪ್ ಕಡತದ ಹೆಸರಿನಲ್ಲಿ ಹೈಫನ್ ಆದಮೇಲಿನ ಅಕ್ಷರ ರಿಲೀಸ್ (ಮಾನದಂಡದ ಆವೃತ್ತಿ) ಹೇಳುತ್ತೆ: ಎಫ್ ಅಂದರೆ 15, ಜಿ 16, ಎಚ್ 17, ಐ 18. ವರ್ಡ್ ಕಡತ ತೆರೆಯೋದು ಕಷ್ಟವಾದರೆ ಅದನ್ನೇ ಯೂರೋಪಿನ ಮಾನದಂಡ ಸಂಸ್ಥೆ ಎಟ್ಸಿ ಪಿಡಿಎಫ್ ಆಗಿ ಹಾಕುತ್ತೆ, ಮುಂದೆ 1 ಸೇರಿಸಿ ಹುಡುಕಿ: 38.331 ಅಲ್ಲಿ 138 331. ಸಂಕ್ಷೇಪಗಳಿಗೆ 21.905 ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಗೋಪುರ_ಹುಡುಕಿ:
256ರ ತಪ್ಪು ಒಪ್ಪಿದೆ. ಆದರೆ ಮಾರುಕಟ್ಟೆ ವರದಿ ಬರೆಯುವವರಿಗೆ 38.331 ಕೊಟ್ಟು ಕೂರಿಸೋದು ನ್ಯಾಯ ಅಲ್ಲ. ಸಾವಿರ ಪುಟ ದಾಟುವ ಪುಸ್ತಕ ಅದು. ಶೇರ್‌ಟೆಕ್‌ನೋಟ್ ಅನ್ನೋ ಟಿಪ್ಪಣಿ ತಾಣದಲ್ಲಿ ಅದೇ ವಿಷಯ ಚಿತ್ರ ಸಮೇತ ಇದೆ.

ಸ್ಪೆಕ್_38:
ಪೂರ್ತಿ ಓದಿ ಅಂತ ಯಾರೂ ಹೇಳಿಲ್ಲ. ಬೇಕಾದ ಫೀಲ್ಡಿನ ಹೆಸರು ಹುಡುಕಿ ಆ ಅರ್ಧ ಪುಟ ಓದಿ. ಟಿಪ್ಪಣಿ ತಾಣದಲ್ಲಿ ಯಾವ ರಿಲೀಸ್ ಅಂತ ನೋಡದೆ ನಕಲು ಮಾಡಿದ ಕೋಷ್ಟಕಗಳೇ ವರದಿಗಳನ್ನ ಕೆಡಿಸೋದು.

ಹೊಸ_ಓದುಗ:
ಎಲ್ಲರಿಗೂ ಧನ್ಯವಾದ. 5ಜಿ ವ್ಯಾಪ್ತಿಯ ಬಗ್ಗೆ ಯಾರೂ ಹೇಳಲಿಲ್ಲ. ಫೋನಿನಲ್ಲಿ 5ಜಿ ಚಿಹ್ನೆ ಕಂಡ ಜಾಗಗಳ ನಕ್ಷೆಯೊಂದು ಸಿಕ್ಕಿದೆ, ಬಳಸಬಹುದೇ?

ಎಣಿಕೆಗಾರ:
ದೇಶದ ಮಟ್ಟಕ್ಕೆ ಐಟಿಯು ಸೂಚಕವೇ ಸಾಕು. ಅದು ಸಿಗ್ನಲ್ ತಲುಪುವ ಜಾಗದಲ್ಲಿ ವಾಸಿಸುವ ಜನರ ಶೇಕಡಾವಾರು, ಚಂದಾದಾರರದ್ದಲ್ಲ, ನೆಲದ ವಿಸ್ತೀರ್ಣದ್ದೂ ಅಲ್ಲ. ನಿಯಂತ್ರಕರ ನಕ್ಷೆ ಬಳಸುವುದಾದರೆ ಅಳತೆಯ ಘಟಕ ನೋಡಿ. ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ ಮೊದಲು ಸ್ಥಿರ ಬ್ರಾಡ್‌ಬ್ಯಾಂಡ್‌ಗೆ ಕಂಪನಿಗಳು ತುಂಬಿಕೊಡುವ ಫಾರ್ಮ್ 477 ಬಳಸುತ್ತಿತ್ತು. ಒಂದು ಜನಗಣತಿ ಬ್ಲಾಕಿನಲ್ಲಿ ಒಂದು ಮನೆಗೆ ಸೇವೆ ಕೊಡಲು ಸಾಧ್ಯವಿದ್ದರೂ ಇಡೀ ಬ್ಲಾಕಿಗೆ ಸೇವೆ ಇದೆ ಅಂತ ಲೆಕ್ಕ. ಮನೆ ಮನೆ ಗುರುತಿಸುವ ಹೊಸ ನಕ್ಷೆ ಬಂದದ್ದು 2022ರ ನವೆಂಬರ್‌ನಲ್ಲಿ. ಎರಡನ್ನೂ ಸೇರಿಸಿ ಪ್ರಗತಿಯ ಗೆರೆ ಎಳೆಯಬೇಡಿ.

ಸ್ಪೆಕ್_38:
ಚಿಹ್ನೆಯ ನಕ್ಷೆ ಬೇಡವೇ ಬೇಡ. 4ಜಿ ಆಧಾರದ 5ಜಿಯಲ್ಲಿ ಎಲ್‌ಟಿಇ ಸೆಲ್ ಎಲ್ಲ ಫೋನುಗಳಿಗೂ ಪ್ರಸಾರ ಮಾಡುವ ತನ್ನ ಎಸ್‌ಐಬಿ2 ಸಂದೇಶದಲ್ಲಿ ‘ಅಪ್ಪರ್ ಲೇಯರ್ ಇಂಡಿಕೇಶನ್’ ಅನ್ನೋ ಒಂದು ಗುರುತು ಕಳಿಸುತ್ತೆ. ಕೆಲವು ಫೋನುಗಳು ಅದನ್ನು ಕಂಡ ಕೂಡಲೇ 5ಜಿ ಅಂತ ತೋರಿಸುತ್ತವೆ, ಡೇಟಾ ಪೂರ್ತಿ 4ಜಿಯಲ್ಲೇ ಹರಿಯುತ್ತಿದ್ದರೂ. ಯಾವಾಗ ಚಿಹ್ನೆ ಹಾಕಬೇಕು ಅನ್ನೋದು ಆಪರೇಟರ್ ಸೆಟ್ಟಿಂಗ್. ಹಾಗಾಗಿ ಎರಡು ಕಂಪನಿಗಳ ಚಿಹ್ನೆ ಹೋಲಿಸಿದರೆ ನೀವು ಹೋಲಿಸಿದ್ದು ಸೆಟ್ಟಿಂಗ್‌ಗಳನ್ನ. ನಕ್ಷೆ ಮಾಡಿದವರ ದತ್ತಾಂಶದಲ್ಲಿ ಎನ್‌ಆರ್ (5ಜಿ ರೇಡಿಯೊ) ಸೆಲ್ಲಿನ ಪಿಸಿಐ (ಸೆಲ್ಲಿನ ಗುರುತು ಸಂಖ್ಯೆ) ಮತ್ತು ಎಸ್‌ಎಸ್-ಆರ್‌ಎಸ್‌ಆರ್‌ಪಿ (ಸಿಗ್ನಲ್ ಬಲ) ಕಾಲಂ ಇದೆಯಾ ನೋಡಿ. ಇದ್ದರೆ ಅವು ತುಂಬಿರುವ ಸಾಲು ಮಾತ್ರ ಇಟ್ಟುಕೊಂಡು ಬಳಸಿ, ಇಲ್ಲದಿದ್ದರೆ ಬಿಡಿ.