ಪಿಂಗ್ ಹೋಗುತ್ತದೆ, ಆದರೆ ಕ್ಲೈಂಟ್ ಡೊಮೇನ್‌ಗೆ ಸೇರುತ್ತಿಲ್ಲ

ವಿಜಯನಗರ_ಲ್ಯಾಬ್:
ಎಲ್ಲರಿಗೂ ನಮಸ್ಕಾರ. ಎಸ್‌ಪಿ ರಸ್ತೆಯಲ್ಲಿ ತಗೊಂಡ ಹಳೇ ಡೆಸ್ಕ್‌ಟಾಪ್‌ಗೆ ವರ್ಚುವಲ್‌ಬಾಕ್ಸ್ (ಒಂದೇ ಕಂಪ್ಯೂಟರ್‌ನಲ್ಲಿ ಹಲವು ವರ್ಚುವಲ್ ಮಷಿನ್ ನಡೆಸುವ ತಂತ್ರಾಂಶ) ಹಾಕಿ ಕಲಿಯುತ್ತಿದ್ದೇನೆ. ಡೊಮೇನ್ ಕಂಟ್ರೋಲರ್ (ಡೊಮೇನ್ ಎಂಬ ಕಂಪ್ಯೂಟರ್ ಗುಂಪಿನ ಲಾಗಿನ್‌ಗಳನ್ನು ನೋಡಿಕೊಳ್ಳುವ ಸರ್ವರ್) ವಿಂಡೋಸ್ ಸರ್ವರ್ 2022, ಐಪಿ 192.168.1.10. ಕ್ಲೈಂಟ್ ವಿಂಡೋಸ್ 11 ಪ್ರೊ. ಎರಡೂ ಬ್ರಿಜ್ಡ್ ಮೋಡ್‌ನಲ್ಲಿ ಮನೆಯ ಫೈಬರ್ ರೂಟರ್‌ಗೆ ಸೇರಿವೆ. ಡೊಮೇನ್ ಹೆಸರು ಲ್ಯಾಬ್.ಟೆಸ್ಟ್. ಸೇರಿಸಲು ಹೋದರೆ ಡೊಮೇನ್ ಕಂಟ್ರೋಲರ್ ಸಿಗುತ್ತಿಲ್ಲ ಎಂದು ಬರುತ್ತದೆ. ಪಿಂಗ್ ಮಾತ್ರ ಚೆನ್ನಾಗಿ ಹೋಗುತ್ತದೆ. ಫೈರ್‌ವಾಲ್ ಆಫ್ ಮಾಡಿದರೂ ಅದೇ ಕಥೆ.

ಸರ್ವರ್_ಮೇಷ್ಟ್ರು:
ಫೈರ್‌ವಾಲ್ ಮತ್ತೆ ಆನ್ ಮಾಡಿಬಿಡಿ, ತೊಂದರೆ ಅಲ್ಲಿಲ್ಲ. ಪಿಂಗ್ ಹೋದರೆ ದಾರಿ ಇದೆ ಅಂತಷ್ಟೇ. ಡೊಮೇನ್‌ಗೆ ಸೇರುವ ಕ್ಲೈಂಟ್ ಮೊದಲು ಡಿಎನ್‌ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಹತ್ತಿರ ಹೋಗಿ ಈ ಡೊಮೇನ್‌ನ ಕಂಟ್ರೋಲರ್ ಯಾವುದು ಅಂತ ಕೇಳುತ್ತದೆ. ಅದನ್ನು ಹೇಳುವ ಎಸ್‌ಆರ್‌ವಿ ರೆಕಾರ್ಡ್ ಇರುವುದು ನಿಮ್ಮ ಸರ್ವರ್‌ನಲ್ಲಿ ಮಾತ್ರ. ರೂಟರ್‌ಗೆ ಲ್ಯಾಬ್.ಟೆಸ್ಟ್ ಗೊತ್ತೇ ಇಲ್ಲ ಅಲ್ವಾ? ಕ್ಲೈಂಟ್‌ನಲ್ಲಿ ಎನ್‌ಎಸ್‌ಲುಕಪ್ ಲ್ಯಾಬ್.ಟೆಸ್ಟ್ ಎಂಬ ಕಮಾಂಡ್ ಕೊಟ್ಟು, ಮೇಲಿನ ಸಾಲಿನಲ್ಲಿ ಯಾವ ಸರ್ವರ್ ಬರುತ್ತದೆ ನೋಡಿ ಹೇಳಿ.

ವಿಜಯನಗರ_ಲ್ಯಾಬ್:
ಡಿಎನ್‌ಎಸ್ ಮೊದಲನೆಯದು 192.168.1.10, ಎರಡನೆಯದು ಗೂಗಲ್‌ನ 8.8.8.8 ಇದೆ ಸರ್. ಆದರೆ ಎನ್‌ಎಸ್‌ಲುಕಪ್ ಎಫ್‌ಇ80 ಅಂತ ಶುರುವಾಗುವ ಯಾವುದೋ ವಿಳಾಸ ತೋರಿಸುತ್ತದೆ. ಕೆಳಗೆ ಅಂಥ ಡೊಮೇನ್ ಇಲ್ಲ ಎಂದಿದೆ.

ಸರ್ವರ್_ಮೇಷ್ಟ್ರು:
ಸಿಕ್ಕಿತು. ಅದು ರೂಟರ್‌ನ ಐಪಿವಿ6 (ಹೊಸ ಬಗೆಯ ಐಪಿ) ವಿಳಾಸ. ನೀವು ಐಪಿವಿ4ನಲ್ಲಿ (192.168 ಥರದ ಹಳೇ ಬಗೆಯಲ್ಲಿ) ಸರಿಯಾಗಿ ಬರೆದಿದ್ದರೂ ರೂಟರ್ ಐಪಿವಿ6 ಮೂಲಕ ತನ್ನನ್ನೇ ಡಿಎನ್‌ಎಸ್ ಎಂದು ಹಂಚುತ್ತಿದೆ. ಮನೆಯ ಫೈಬರ್‌ನಲ್ಲಿ ಲ್ಯಾಬ್ ಮಾಡುವವರು ಇದನ್ನು ಗಮನಿಸಲೇಬೇಕು.

8.8.8.8 ಕೂಡ ತೆಗೆಯಿರಿ. ಎರಡನೇ ಡಿಎನ್‌ಎಸ್ ಆಪತ್ತಿಗೆ ಆಗುತ್ತದೆ ಎಂದು ಎಷ್ಟೋ ಜನ ಹಾಕುತ್ತಾರೆ. ಸರ್ವರ್ ಒಮ್ಮೆ ಉತ್ತರಿಸಲು ತಡ ಮಾಡಿದರೆ ಕ್ಲೈಂಟ್ 8.8.8.8 ಹತ್ತಿರ ಕೇಳುತ್ತದೆ. ಅದು ಅಂಥ ಹೆಸರಿಲ್ಲ ಎಂದರೆ ಮುಗಿಯಿತು. ಹೊರಗಿನ ಹೆಸರುಗಳಿಗೆ ಸರ್ವರ್‌ನ ಡಿಎನ್‌ಎಸ್‌ನಲ್ಲೇ ಫಾರ್ವರ್ಡರ್ (ಗೊತ್ತಿಲ್ಲದ ಹೆಸರನ್ನು ಬೇರೆ ಡಿಎನ್‌ಎಸ್‌ಗೆ ಕೇಳುವ ವ್ಯವಸ್ಥೆ) ಹಾಕಿ, ಅದು ಸರಿಯಾದ ಜಾಗ.

ಐಪಿವಿ6 ಆಫ್ ಮಾಡಲು ಹೋಗಬೇಡಿ. ರೂಟರ್ ಹಂಚುವ ಡಿಎನ್‌ಎಸ್ ತಲುಪದಂತೆ ಎರಡೂ ಮಷಿನ್‌ಗಳನ್ನು ವರ್ಚುವಲ್‌ಬಾಕ್ಸ್‌ನ ನ್ಯಾಟ್ ನೆಟ್‌ವರ್ಕ್‌ಗೆ (ಎರಡಕ್ಕೂ ಸೇರಿದ ಪ್ರತ್ಯೇಕ ಒಳ ನೆಟ್‌ವರ್ಕ್) ಹಾಕಿ. ಬರೀ ನ್ಯಾಟ್ ಅಲ್ಲ, ಅದರಲ್ಲಿ ಒಂದಕ್ಕೊಂದು ಕಾಣುವುದಿಲ್ಲ. ಸರ್ವರ್‌ಗೆ 10.0.2.10 ಕೊಟ್ಟು, ಕ್ಲೈಂಟ್‌ಗೆ ಅದೊಂದೇ ಡಿಎನ್‌ಎಸ್ ಇಡಿ. ಸರ್ವರ್ ಐಪಿ ಬದಲಾದ ಮೇಲೆ ಹೊಸ ವಿಳಾಸ ಡಿಎನ್‌ಎಸ್‌ನಲ್ಲಿ ದಾಖಲಾಗಲು ಅಲ್ಲಿ ಐಪಿಕಾನ್ಫಿಗ್ /ರಿಜಿಸ್ಟರ್‌ಡಿಎನ್‌ಎಸ್ ಕಮಾಂಡ್ ಕೊಟ್ಟು ನೆಟ್‌ಲಾಗಾನ್ ಸರ್ವಿಸ್ ರೀಸ್ಟಾರ್ಟ್ ಮಾಡಿ. ಡಿಎನ್‌ಎಸ್ ಜೋನ್‌ನಲ್ಲಿ (ಡೊಮೇನ್‌ನ ಹೆಸರು-ವಿಳಾಸಗಳ ಪಟ್ಟಿಯಲ್ಲಿ) ಹಳೇ 192.168.1.10 ಉಳಿದಿದ್ದರೆ ಕೈಯಾರೆ ಅಳಿಸಿ.

ಜಯನಗರ_ನೆಟ್‌ವರ್ಕ್:
ಎರಡೂ ಮಷಿನ್‌ಗಳ ಗಡಿಯಾರವನ್ನೂ ನೋಡಿಕೊಳ್ಳಿ. 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸವಿದ್ದರೆ ಕರ್ಬೆರೋಸ್ (ಡೊಮೇನ್‌ನ ಲಾಗಿನ್ ಪರಿಶೀಲಿಸುವ ವಿಧಾನ) ಒಪ್ಪದೆ ಹೋಗಬಹುದು. ಲೆಕ್ಕ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ನಡೆಯುತ್ತದೆ. ಹಾಗಾಗಿ ಟೈಮ್‌ಜೋನ್ ತಪ್ಪಿದ್ದು ಗಂಟೆಯನ್ನಷ್ಟೇ ತಿದ್ದಿದ್ದರೂ ಕೆಡುತ್ತದೆ.

ವಿಜಯನಗರ_ಲ್ಯಾಬ್:
ಸೇರಿತು! ಎನ್‌ಎಸ್‌ಲುಕಪ್ ಈಗ 10.0.2.10 ತೋರಿಸುತ್ತದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗ ಸ್ನ್ಯಾಪ್‌ಶಾಟ್ (ಮಷಿನ್‌ನ ಈಗಿನ ಸ್ಥಿತಿಯ ನಕಲು) ತಗೊಂಡು ಇಟ್ಟುಕೊಳ್ಳಲಾ?

ಸರ್ವರ್_ಮೇಷ್ಟ್ರು:
ತಗೊಳ್ಳಿ, ಆದರೆ ಎರಡೂ ಮಷಿನ್ ಆಫ್ ಮಾಡಿ ಒಟ್ಟಿಗೇ ತಗೊಳ್ಳಿ. ಕ್ಲೈಂಟ್ 30 ದಿನಕ್ಕೊಮ್ಮೆ ತನ್ನ ಮಷಿನ್ ಪಾಸ್‌ವರ್ಡ್ ಬದಲಿಸುತ್ತದೆ. ಕ್ಲೈಂಟ್ ಒಂದನ್ನೇ ಹಳೇ ಸ್ನ್ಯಾಪ್‌ಶಾಟ್‌ಗೆ ವಾಪಸ್ ತಂದರೆ ಡೊಮೇನ್ ಜೊತೆಗಿನ ಟ್ರಸ್ಟ್ ಮುರಿಯಬಹುದು. ಹಾಗಾದರೆ ಲೋಕಲ್ ಅಡ್ಮಿನ್ ಆಗಿ ಲಾಗಿನ್ ಆಗಿ, ಪವರ್‌ಶೆಲ್‌ನಲ್ಲಿ ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್ ಕಮಾಂಡನ್ನು -ರಿಪೇರ್ ಜೊತೆ ಕೊಡಿ. ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಬೇಕಾಗುತ್ತದೆ, ಹಾಗಾಗಿ -ಕ್ರೆಡೆನ್ಶಿಯಲ್ ಕೂಡ ಸೇರಿಸಿ.